ನಂಜನಗೂಡು ರಸಬಾಳೆಯ ತೋಟಗಳೂ ಸೊರಗು ರೋಗವೂ

ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನಿಳಿದು ಗುಂಡ್ಲುಪೇಟೆಯ ಮಾರ್ಗವಾಗಿ ಉತ್ತರಕ್ಕೆ ನಡೆದರೆ ಕಪಿಲಾ ತೀರದ ನಂಜನಗೂಡು ದೊರೆಯುವುದು. ಆ ಊರಿನ ಹೆಸರನ್ನು ಹೊತ್ತ ರಸಬಾಳೆಯು ಒಕ್ಕಲು ಮನೆತನಗಳ ತೋಟಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದ ಫಲ. 2005-06ನೆಯ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಲಭಿಸಿತು. ಆ ವೇಳೆಗಾಗಲೇ ತೋಟಗಳು ಬಹುಮಟ್ಟಿಗೆ ಕ್ಷೀಣಿಸಿದ್ದವು.

ಕಾರಣ, ಪನಾಮಾ ಸೊರಗು ರೋಗ. ತಿನ್ನುವ ಬಾಳೆಗೆ ಬೀಜವಿಲ್ಲ; ತಂದೆಯ ತೋಟದ ಕಂದೇ ಮಗನ ತೋಟದ ಗಿಡ. ಮನೆತನಗಳು ತಳಿಯನ್ನು ಕಾಪಾಡಿದ್ದು ಈ ಕ್ರಮದಿಂದಲೇ; ರೋಗವು ತೋಟದಿಂದ ತೋಟಕ್ಕೆ ಹೋಗುವುದೂ ಕಂದುಗಳೊಡನೆಯೇ. ಮೊದಲು ಕೆಳಗಣ ಎಲೆಗಳ ಅಂಚು ಹಳದಿಯಾಗುವುದು. ಬಳಿಕ ಎಲೆಗಳು ತೊಟ್ಟಿನಲ್ಲಿ ಮುರಿದು ದಿಂಡಿನ ಸುತ್ತ ಜೋತುಬೀಳುವುವು. ದಿಂಡು ಉದ್ದಕ್ಕೆ ಸೀಳುವುದು. ಗಡ್ಡೆಯನ್ನು ಕೊಯ್ದರೆ ಕೆಂಪುಗಪ್ಪಿನ ಗೆರೆಗಳು ಕಾಣುವುವು. ಅಂಥ ಗಡ್ಡೆಯ ಕಂದು ಎಷ್ಟೇ ಹಸನಾಗಿ ಕಂಡರೂ ನೆಡತಕ್ಕದ್ದಲ್ಲ. ಈ ಶಿಲೀಂಧ್ರವು ಮಣ್ಣಿನಲ್ಲಿ ದಶಕಗಳವರೆಗೆ ಜೀವಿಸಿರುವುದು. ಹರಿಯುವ ನೀರಿನಿಂದಲೂ ಗುದ್ದಲಿಗೆ ಅಂಟಿದ ಮಣ್ಣಿನಿಂದಲೂ ಹರಡುವುದು. ಮಧ್ಯ ಅಮೆರಿಕದ ಭಾರಿ ತೋಟಗಳವರೇ 1960ರ ಸುಮಾರಿಗೆ ಗ್ರೋಸ್ ಮಿಷೆಲ್ ತಳಿಯನ್ನು ಈ ರೋಗದಿಂದಾಗಿ ಕೈಬಿಟ್ಟರು.

ಅಂಗಾಂಶ ಕೃಷಿಯ ಸಸಿಗಳು ರೋಗರಹಿತವೆಂಬುದೇನೋ ಸರಿ. ರೋಗ ಹೊಕ್ಕ ನೆಲದಲ್ಲಿ ನೆಟ್ಟರೆ ಅವೂ ಸೊರಗುವುವು. ಬಾಳೆಯನ್ನು ಕಾಣದ ನೆಲವನ್ನೇ ಆರಿಸತಕ್ಕದ್ದು. ಏಲಕ್ಕಿ ಬಾಳೆಗೂ ಈ ರೋಗ ತಗಲುವುದರಿಂದ, ಗುಂಡ್ಲುಪೇಟೆ ತಾಲ್ಲೂಕಿನ ಹಿಡುವಳಿದಾರರು ಕಂದುಗಳನ್ನು ಕೊಳ್ಳುವ ಮುನ್ನ ತಾಯಿಗಡ್ಡೆಯನ್ನು ಕೊಯ್ಯಿಸಿ ನೋಡುವುದು ಅವಶ್ಯ.