ಕಾರ್ಯಕ್ರಮಕ್ಕೆ ಹಣವುಂಟು, ಯೋಜಿಸುವವರಿಗಿಲ್ಲ

1988ರಲ್ಲಿ ನಾನು ಬಯಲುಸೀಮೆಯ ತಾಲ್ಲೂಕೊಂದರ ಅಭಿವೃದ್ಧಿ ಕಚೇರಿಯಲ್ಲಿದ್ದೆ. ಗ್ರಾಮೀಣ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ನೀಡುವ ‘ಟ್ರೈಸೆಮ್’ ಯೋಜನೆಯ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ಕೇಂದ್ರ ಸರ್ಕಾರ 1979ರ ಆಗಸ್ಟ್ 15ರಂದು ಆರಂಭಿಸಿದ್ದ ಈ ಯೋಜನೆಯನ್ನು ಬ್ಲಾಕ್ ಒಂದಕ್ಕೆ ವರ್ಷಕ್ಕೆ 40 ಮಂದಿ ಎಂಬ ಲೆಕ್ಕದ ಮೇಲೆ ರೂಪಿಸಲಾಗಿತ್ತು. ಮಾರ್ಚ್ ಮುಗಿಯುವುದರೊಳಗೆ ಹೆಸರುಗಳು ಭರ್ತಿಯಾಗಬೇಕು, ಶಿಷ್ಯವೇತನ ಬಟವಾಡೆಯಾಗಬೇಕು, ಪ್ರಗತಿ ವರದಿ ಜಿಲ್ಲಾ ಕೇಂದ್ರಕ್ಕೆ ತಲುಪಬೇಕು. ನಾನು ಹೊಲಿಗೆ ಮತ್ತು ರೇಡಿಯೊ ರಿಪೇರಿಯನ್ನು ಆರಿಸಿದೆ. ಕಾರಣ ಸರಳ: ಆ ಎರಡಕ್ಕೂ ತರಬೇತುದಾರರು ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತಿದ್ದರು.

ಎರಡು ವರ್ಷಗಳ ನಂತರ ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದವರ ಪೈಕಿ ಒಬ್ಬನ ಹೆಸರು ಪರಿಚಿತವೆನಿಸಿತು. ನನ್ನದೇ ಪಟ್ಟಿಯಲ್ಲಿದ್ದ ಹುಡುಗ. ಹೊಲಿಗೆ ಯಂತ್ರವನ್ನು ಪಡೆದ ಆರು ತಿಂಗಳಲ್ಲೇ ಮಾರಿದ್ದ. ಅವನ ಊರಿಗೆ ಹೋದಾಗ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಹತ್ತು ನಿಮಿಷದಲ್ಲಿ ನನಗೆ ಪಾಠ ಹೇಳಿದರು. ಊರಿನಲ್ಲಿ ಆಗಲೇ ಮೂವರು ದರ್ಜಿಗಳಿದ್ದರು. ಪ್ರೌಢಶಾಲೆ ಒಂಬತ್ತು ಕಿಲೋಮೀಟರ್ ದೂರ; ಸಂಜೆ ಮರಳಲು ಬಸ್ಸಿಲ್ಲದೆ ಹುಡುಗರು ಏಳನೆಯ ತರಗತಿಗೇ ಶಾಲೆ ಬಿಡುತ್ತಿದ್ದರು. ಹೀಗೆ ಬಿಟ್ಟವರು ಇಡೀ ದಿನ ಕೂರುತ್ತಿದ್ದ ಜಾಗ ಸಾರಾಯಿ ಅಂಗಡಿಯ ಎದುರಿನ ಜಗುಲಿ. ತಂತಿ ಕೊಳ್ಳುವ ವ್ಯಾಪಾರಿಯ ಪರಿಚಯವಾದದ್ದೂ ಅಲ್ಲಿಯೇ. ‘ಇದನ್ನೆಲ್ಲ ನೀವು ಆಗಲೇ ಏಕೆ ಹೇಳಲಿಲ್ಲ?’ ಎಂದೆ. ‘ಕೇಳಿದವರು ಯಾರು ಸ್ವಾಮಿ?’ ಎಂದರು.

ಟ್ರೈಸೆಮ್ 1999ರ ಏಪ್ರಿಲ್‌ನಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ವಿಲೀನವಾಯಿತು. ಅದಾದ ಮೇಲೂ ಯುವಜನರ ಹೆಸರಿನಲ್ಲಿ ಬಂದ ಯೋಜನೆಗಳಿಗೆ ಕೊರತೆಯಿಲ್ಲ. ಅವುಗಳ ಆಯವ್ಯಯದಲ್ಲಿ ತರಬೇತಿಗೆ, ಸಲಕರಣೆಗೆ, ಪ್ರಚಾರಕ್ಕೆ, ಕೊನೆಗೆ ಬ್ಯಾನರಿಗೂ ಹಣವಿರುತ್ತದೆ. ಊರಿನವರ ಜೊತೆ ಕುಳಿತು ‘ನಿಮ್ಮ ಮಕ್ಕಳು ಎಲ್ಲಿ, ಏಕೆ ಎಡವುತ್ತಿದ್ದಾರೆ?’ ಎಂದು ಕೇಳಿ, ಉತ್ತರವನ್ನು ಯೋಜನೆಯಾಗಿ ಮಾರ್ಪಡಿಸಲು ನೆರವಾಗುವ ವ್ಯಕ್ತಿಯ ಸಂಬಳಕ್ಕೆ ಮಾತ್ರ ನಾನು ಕಂಡ ಕಡತಗಳಲ್ಲಿ ಲೆಕ್ಕ ಶೀರ್ಷಿಕೆಯೇ ಇರಲಿಲ್ಲ.

ಇಂತಹ ವ್ಯಕ್ತಿಯ ಕೆಲಸವನ್ನು ಒಂದು ವೃತ್ತಿಯಾಗಿಯೇ ಬೆಳೆಸಿದ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಹಾಕಿನ್ಸ್ ಮತ್ತು ರಿಚರ್ಡ್ ಕ್ಯಾಟಲಾನೊ ರೂಪಿಸಿದ ‘ಕಮ್ಯುನಿಟೀಸ್ ದಟ್ ಕೇರ್’ ಎಂಬ ಪದ್ಧತಿ ಅದು. 2003ರಲ್ಲಿ ಏಳು ರಾಜ್ಯಗಳ 24 ಊರುಗಳಲ್ಲಿ ಅದರ ಪರೀಕ್ಷೆ ಶುರುವಾಯಿತು. 1,500ರಿಂದ 50,000ದವರೆಗಿನ ಜನಸಂಖ್ಯೆಯ ಸಣ್ಣ ಪಟ್ಟಣಗಳು. ನಮ್ಮ ಹೋಬಳಿ, ತಾಲ್ಲೂಕು ಕೇಂದ್ರಗಳಂಥವು. ಪರಸ್ಪರ ಹೋಲುವ 12 ಜೋಡಿಗಳನ್ನು ಮಾಡಿ, ಪ್ರತಿ ಜೋಡಿಯಲ್ಲೊಂದು ಊರಿಗೆ ಚೀಟಿ ಎತ್ತಿದಂತೆ ಈ ಪದ್ಧತಿಯನ್ನು ಕೊಟ್ಟರು; ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರು.

ಆಯ್ಕೆಯಾದ ಊರುಗಳಿಗೆ ಸಿದ್ಧ ಕಾರ್ಯಕ್ರಮವನ್ನು ಹೊತ್ತು ಯಾರೂ ಹೋಗಲಿಲ್ಲ. ಪ್ರತಿ ಊರಿಗೂ ಪೂರ್ಣಾವಧಿಯ ಸಂಯೋಜಕರೊಬ್ಬರಿದ್ದರು, ಅವರ ಬೆನ್ನಿಗೆ ಪದ್ಧತಿಯನ್ನು ಬಲ್ಲ ತರಬೇತುದಾರರಿದ್ದರು. ಶಿಕ್ಷಕರು, ಪೊಲೀಸರು, ಪೋಷಕರು, ಚುನಾಯಿತರು, ವ್ಯಾಪಾರಿಗಳು ಎಲ್ಲರನ್ನೂ ಒಂದು ಮಂಡಳಿಗೆ ಸೇರಿಸುವುದು ಸಂಯೋಜಕರ ಮೊದಲ ಕೆಲಸ. ಆಮೇಲೆ ಶಾಲಾ ಮಕ್ಕಳಿಂದಲೇ, ಹೆಸರು ಕೇಳದೆ, ಪ್ರಶ್ನಾವಳಿ ತುಂಬಿಸುವುದು: ಶಾಲೆಯಲ್ಲಿ ಮನಸ್ಸು ನಿಲ್ಲುತ್ತದೆಯೆ, ಮನೆಯಲ್ಲಿ ಜಗಳವಿದೆಯೆ, ಊರಿನಲ್ಲಿ ಮದ್ಯ ಎಷ್ಟು ಸುಲಭವಾಗಿ ಸಿಗುತ್ತದೆ, ನಂಬಿಕೆಯಿಟ್ಟು ಮಾತನಾಡಬಹುದಾದ ಹಿರಿಯರು ಯಾರಾದರೂ ಇದ್ದಾರೆಯೆ. ಉತ್ತರಗಳಿಂದ ಆ ಊರಿನದೇ ಚಿತ್ರವೊಂದು ಮೂಡುತ್ತದೆ. ಅದನ್ನು ಮುಂದಿಟ್ಟುಕೊಂಡು ಮಂಡಳಿ ಎರಡು-ಮೂರು ಅಪಾಯಗಳನ್ನಷ್ಟೇ ಆರಿಸಿ, ಅವುಗಳಿಗೆ ತಕ್ಕ, ಬೇರೆಡೆ ಪರೀಕ್ಷೆಗೆ ಒಳಗಾಗಿ ಗೆದ್ದ ಕಾರ್ಯಕ್ರಮಗಳನ್ನು ಮಾತ್ರ ಕೈಗೆತ್ತಿಕೊಳ್ಳಬೇಕು.

ಈ ‘ಮಾತ್ರ’ ಎಂಬಲ್ಲಿಯೇ ಸಂಯೋಜಕರ ಕಷ್ಟವೆಲ್ಲ ಅಡಗಿದೆ. ಪ್ರತಿ ಊರಿಗೂ ತನಗೆ ಪ್ರಿಯವಾದ ಒಂದು ಕಾರ್ಯಕ್ರಮವಿರುತ್ತದೆ. ಅಮೆರಿಕದಲ್ಲಿ ಅದು ‘ಡೇರ್’. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ಕಾರ್ಯಕ್ರಮದಲ್ಲಿ ಸಮವಸ್ತ್ರ ತೊಟ್ಟ ಪೊಲೀಸರು ತರಗತಿಗೆ ಬಂದು ಮಾದಕ ವಸ್ತುಗಳ ಬಗ್ಗೆ ಎಚ್ಚರಿಸುತ್ತಿದ್ದರು. ತಂದೆತಾಯಿಗಳಿಗೆ ಮೆಚ್ಚುಗೆ, ರಾಜಕಾರಣಿಗಳಿಗೆ ಛಾಯಾಚಿತ್ರ. 1990ರ ದಶಕದಲ್ಲಿ ಒಂದಾದ ಮೇಲೊಂದು ಅಧ್ಯಯನ ನಡೆದಾಗ, ಪಾಠ ಕೇಳಿದ ಮಕ್ಕಳ ಮುಂದಿನ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ವ್ಯಸನಮುಕ್ತಿ ಜಾಥಾ ಇದೆಯಲ್ಲ, ಅದರ ಸೋದರಸಂಬಂಧಿ ಎನ್ನಬಹುದು. ಅಂಥ ಜಾಥಾಗಳಲ್ಲಿ ಹಸಿರು ನಿಶಾನೆ ತೋರಿದವರ ಪಕ್ಕದಲ್ಲಿ ನಾನೂ ಅನೇಕ ಸಲ ನಿಂತಿದ್ದೇನೆ. ಬಿಸಿಲಿನಲ್ಲಿ ಫಲಕ ಹಿಡಿದು ನಡೆದ ಮಕ್ಕಳಿಗೆ ಅದರಿಂದ ಏನಾಯಿತೆಂದು ಒಮ್ಮೆಯೂ ವಿಚಾರಿಸಲಿಲ್ಲ. ಊರಿನ ಗಣ್ಯರಿಗೆ ‘ನಿಮ್ಮ ಈ ಕಾರ್ಯಕ್ರಮ ಉಪಯೋಗಕ್ಕೆ ಬರುತ್ತಿಲ್ಲ’ ಎಂದು ಮನಸ್ಸು ನೋಯಿಸದೆ ಹೇಳಿ, ಮುಂದಿನ ಸಭೆಗೂ ಅವರನ್ನು ಬರಿಸಿಕೊಳ್ಳುವುದು ಸಣ್ಣ ಕೌಶಲವಲ್ಲ. ಮೂವತ್ತು ವರ್ಷ ಅಧಿಕಾರದಲ್ಲಿದ್ದ ನನಗೆ ಅದು ಸಿದ್ಧಿಸಲಿಲ್ಲ.

ಫಲಿತಾಂಶವೇನಾಯಿತು? ಐದನೆಯ ತರಗತಿಯಿಂದ ಹಿಂಬಾಲಿಸಿದ 4,407 ಮಕ್ಕಳು ಎಂಟನೆಯ ತರಗತಿಗೆ ಬರುವ ಹೊತ್ತಿಗೆ, ಪದ್ಧತಿ ಜಾರಿಯಾದ ಊರುಗಳಲ್ಲಿ ಅಪರಾಧದ ನಡವಳಿಕೆಗೆ ಹೊಸದಾಗಿ ಇಳಿಯುವ ಸಾಧ್ಯತೆ ಶೇ 25ರಷ್ಟು ಕಡಿಮೆಯಾಗಿತ್ತು. ಮದ್ಯ ಆರಂಭಿಸುವುದು ಶೇ 32, ಸಿಗರೇಟು ಶೇ 33 ಕಡಿಮೆ. ಪೂರ್ಣ ಸತ್ಯ ಹೇಳಬೇಕಾದರೆ, ಪ್ರೌಢಶಿಕ್ಷಣ ಮುಗಿಯುವ ಹಂತದಲ್ಲಿ ಎಂದೂ ಮದ್ಯ ಮುಟ್ಟದವರ ಸಂಖ್ಯೆ ಆ ಊರುಗಳಲ್ಲಿ ಹೆಚ್ಚಿದ್ದರೂ, ಆ ಹೊತ್ತಿನಲ್ಲಿ ಬಳಸುತ್ತಿದ್ದವರ ಪ್ರಮಾಣದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಆದರೂ ಖರ್ಚು ಮಾಡಿದ ಒಂದು ಡಾಲರಿಗೆ ಸಮಾಜಕ್ಕೆ ಐದು ಡಾಲರಿಗಿಂತ ಹೆಚ್ಚು ಲಾಭವೆಂದು 2012ರಲ್ಲಿ ಲೆಕ್ಕ ಕಟ್ಟಲಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇಂಥ ಲೆಕ್ಕಗಳನ್ನು ಒಂದಿಷ್ಟು ಅನುಮಾನದಿಂದಲೇ ನೋಡುತ್ತೇನೆ. ಅರ್ಧಕ್ಕೆ ಇಳಿಸಿದರೂ ಅದು ಕೆಟ್ಟ ಹೂಡಿಕೆಯಲ್ಲ.

ಅಮೆರಿಕದ ಪ್ರಶ್ನಾವಳಿಯನ್ನು ಇಲ್ಲಿಗೆ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ನೆಡಲು ಬೇಕಾದ ನೆಲ ನಮ್ಮಲ್ಲೇ ಹದವಾಗಿದೆ. ದುಡಿಯುವ ಮಕ್ಕಳೇ ಸೇರಿ 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ, ಕುಂದಾಪುರದ ಸುತ್ತ ತೊಂಬತ್ತರ ದಶಕದಲ್ಲಿ ನಡೆದ ಮಕ್ಕಳ ಪಂಚಾಯತ್‌ಗಳು ಜಗತ್ತಿನ ಗಮನ ಸೆಳೆದವು. ಆ ಮಕ್ಕಳು ತಾವೇ ಸಮೀಕ್ಷೆ ಮಾಡಿ ಪಂಚಾಯಿತಿಯ ಮುಂದೆ ಬೇಡಿಕೆ ಇಟ್ಟರು. ಅವರ ಬೆನ್ನಿಗೆ ವರ್ಷಗಟ್ಟಲೆ ನಿಂತಿದ್ದ ಸಂಸ್ಥೆಯ ಕಾರ್ಯಕರ್ತರಿದ್ದರೆಂಬುದನ್ನು ಮರೆಯಬಾರದು. ಮುಂದೆ 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಆದೇಶಿಸಿದಾಗ ಸಭೆ ಎಲ್ಲ ಕಡೆಗೂ ಹೋಯಿತು, ಕಾರ್ಯಕರ್ತರು ಹೋಗಲಿಲ್ಲ.

ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ನೆರವಿನೊಡನೆ ಜಿಲ್ಲೆಗಳಲ್ಲಿ ತೆರೆದ ‘ಯುವ ಸ್ಪಂದನ’ ಕೇಂದ್ರಗಳು ಒಳ್ಳೆಯ ಕೆಲಸ. ಆದರೆ ಅಲ್ಲಿನ ಆಪ್ತ ಸಮಾಲೋಚನೆ ಮುಖ್ಯವಾಗಿ ಕಷ್ಟದಲ್ಲಿರುವ ಒಬ್ಬೊಬ್ಬ ಯುವಕ ಯುವತಿಗಾಗಿ. ಬಸ್ಸಿಲ್ಲದ ಊರಿಗೆ ಸಮಾಲೋಚನೆ ನೀಡುವುದು ಹೇಗೆ? ಕೇರಳ 1996ರಲ್ಲಿ ಜನತಾ ಯೋಜನೆಯನ್ನು ಆರಂಭಿಸಿದಾಗ, ಪಂಚಾಯಿತಿಗಳಿಗೆ ಹಣ ವರ್ಗಾಯಿಸಿದ್ದರ ಜೊತೆಗೆ, ಯೋಜನೆ ಬರೆಯಲು ನೆರವಾಗುವ ಸಂಪನ್ಮೂಲ ವ್ಯಕ್ತಿಗಳನ್ನೂ ದೊಡ್ಡ ಸಂಖ್ಯೆಯಲ್ಲಿ ತರಬೇತುಗೊಳಿಸಿತು. ನಮ್ಮಲ್ಲಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೆಲಸ ಹುಡುಕುತ್ತಿರುವವರೂ ಇದ್ದಾರೆ. ಹೋಬಳಿಗೊಬ್ಬರನ್ನು ತಿಂಗಳಿಗೆ 30,000 ರೂಪಾಯಿ ಕೊಟ್ಟು ನೇಮಿಸಿದರೆ ವರ್ಷಕ್ಕೆ 3.6 ಲಕ್ಷ. ಷರತ್ತು ಒಂದೇ: ಕನಿಷ್ಠ ಮೂರು ವರ್ಷ ಅವರನ್ನು ಅಲ್ಲಿಂದ ಕದಲಿಸಬಾರದು, ಮೊದಲ ವರ್ಷ ಅವರಿಂದ ಯಾವ ಗುರಿ ಸಾಧನೆಯ ತಖ್ತೆಯನ್ನೂ ಕೇಳಬಾರದು. ಎರಡನೆಯದಕ್ಕೆ ನನ್ನ ಹಳೆಯ ಸಹೋದ್ಯೋಗಿಗಳು ಒಪ್ಪುವುದು ಕಷ್ಟ.

ಕಳೆದ ವರ್ಷ ನನ್ನ ಹುಟ್ಟೂರಿನ ಮಕ್ಕಳ ಗ್ರಾಮಸಭೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಪ್ರಶ್ನೆಗಳನ್ನು ಮಕ್ಕಳು ಓದುತ್ತಿದ್ದರು: ಕಾಂಪೌಂಡು, ಶೌಚಾಲಯ, ಆಟದ ಮೈದಾನ. ನಡುವೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಚೀಟಿ ನೋಡದೆ ಎದ್ದು ನಿಂತಳು. ತನ್ನ ಅಣ್ಣ ಮತ್ತು ಅವನ ಜೊತೆಯ ನಾಲ್ವರು ಹತ್ತನೆಯ ತರಗತಿಯಲ್ಲಿ ನಪಾಸಾದ ಮೇಲೆ ಇಡೀ ದಿನ ಕೆರೆ ಏರಿಯ ಮೇಲೆ ಮೊಬೈಲ್ ಹಿಡಿದು ಕೂರುತ್ತಾರೆ, ರಾತ್ರಿ ಕುಡಿದು ಬರುತ್ತಾರೆ, ಅವರಿಗೆ ಮತ್ತೆ ಪರೀಕ್ಷೆ ಕಟ್ಟಿಸಲು ಯಾರಾದರೂ ಪಾಠ ಹೇಳಿಕೊಡುವಿರಾ ಎಂದು ಕೇಳಿದಳು. ಸಭೆ ಒಂದು ಕ್ಷಣ ಸುಮ್ಮನಾಯಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಒಳ್ಳೆಯ ತರುಣ. ಅದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಂಡರು. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು ಮೆಲುದನಿಯಲ್ಲಿ ಕೇಳಿದರು: ‘ಸಾರ್, ಇದನ್ನು ಯಾವ ಲೆಕ್ಕ ಶೀರ್ಷಿಕೆಯಲ್ಲಿ ತೋರಿಸಲಿ?’