ದೊಡ್ಡ ಕಂಪೆನಿಯ ಸಂದರ್ಶನ, ಸಣ್ಣ ಉದ್ದಿಮೆಯ ನೇಮಕಾತಿ

ಮಣಿಪಾಲದ ಎಂಐಟಿಯಿಂದ 1988ರಲ್ಲಿ ಇಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಪಡೆದ ಸತ್ಯ ನಾದೆಲ್ಲಾ ಅವರು 1992ರಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಸಂದರ್ಶನಕ್ಕೆ ಹಾಜರಾದರು. ದಿನವಿಡೀ ತಾಂತ್ರಿಕ ಪ್ರಶ್ನೆಗಳು ನಡೆದ ಮೇಲೆ ರಿಚರ್ಡ್ ಟೈಟ್ ಎಂಬ ಅಧಿಕಾರಿ, ರಸ್ತೆಯಲ್ಲಿ ಬಿದ್ದು ಅಳುತ್ತಿರುವ ಮಗುವನ್ನು ಕಂಡರೆ ಏನು ಮಾಡುವಿರಿ ಎಂದು ಕೇಳಿದರು. ತುರ್ತು ಸೇವೆಗೆ ಫೋನ್ ಮಾಡುವುದಾಗಿ ನಾದೆಲ್ಲಾ ಉತ್ತರಿಸಿದರು. ಮೊದಲು ಮಗುವನ್ನು ಎತ್ತಿಕೊಳ್ಳಬೇಕು ಎಂಬುದು ಟೈಟ್ ಅವರ ಉತ್ತರವಾಗಿತ್ತು. 2017ರ ತಮ್ಮ ಪುಸ್ತಕದಲ್ಲಿ ನಾದೆಲ್ಲಾ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಈ ಪ್ರಸಂಗವನ್ನು ಅನುಕಂಪದ ಪಾಠವಾಗಿ ಉದಾಹರಿಸುವುದು ವಾಡಿಕೆ. ನೇಮಕಾತಿ ಮಾಡುವವರು ಅದರಲ್ಲಿ ಇನ್ನೊಂದನ್ನು ಗಮನಿಸಬೇಕು. ಆ ಪ್ರಶ್ನೆಗೆ ತಪ್ಪು ಉತ್ತರ ನೀಡಿದ ಅಭ್ಯರ್ಥಿಯೇ 2014ರ ಫೆಬ್ರವರಿಯಲ್ಲಿ ಅದೇ ಕಂಪೆನಿಯ ಮುಖ್ಯಸ್ಥರಾದರು! ಒಂದು ಚತುರ ಪ್ರಶ್ನೆಯಿಂದ ಮನುಷ್ಯನನ್ನು ಅಳೆಯಲಾಗದು. ಗೂಗಲ್ ಕಂಪೆನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಅವರು, ಒಗಟಿನಂತಹ ಪ್ರಶ್ನೆಗಳಿಂದ ಸಮಯ ವ್ಯರ್ಥವಾಯಿತೇ ಹೊರತು ಬೇರೇನೂ ಆಗಲಿಲ್ಲವೆಂದು 2013ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು.

ಇಂದು ಇಂತಹ ಕಂಪೆನಿಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಸುತ್ತುಗಳ ಸಂದರ್ಶನವಿರುತ್ತದೆ. ಅಭ್ಯರ್ಥಿಯು ಸಂದರ್ಶಕರ ಎದುರಿನಲ್ಲಿಯೇ ಪ್ರೋಗ್ರಾಂ ಬರೆದು, ತನ್ನ ಯೋಚನೆಯನ್ನು ವಿವರಿಸಬೇಕು. ಒಂದೇ ಹುದ್ದೆಯ ಅಭ್ಯರ್ಥಿಗಳಿಗೆ ಒಂದೇ ಬಗೆಯ ಪ್ರಶ್ನೆಗಳು. ಪ್ರತಿಯೊಬ್ಬ ಸಂದರ್ಶಕನೂ ಇತರರೊಡನೆ ಚರ್ಚಿಸುವ ಮುನ್ನ ತನ್ನ ಅಭಿಪ್ರಾಯವನ್ನು ಬರೆದಿಡುತ್ತಾನೆ. ಇದಕ್ಕೆ ದುಬಾರಿ ಯಂತ್ರವಾಗಲಿ, ದೊಡ್ಡ ಕಟ್ಟಡವಾಗಲಿ ಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಜಿನಿಯರುಗಳ ಕೊರತೆಯಿಲ್ಲ. ಮಣಿಪಾಲದ ಕಾಲೇಜು 1957ರದು, ಕಾರ್ಕಳ ತಾಲೂಕಿನ ನಿಟ್ಟೆಯದು 1986ರದು, ಕಾಪು ತಾಲೂಕಿನ ಬಂಟಕಲ್ಲಿನದು 2010ರದು. ಆದರೂ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಾಗಲಿ ನಂದಿಕೂರಿನಲ್ಲಾಗಲಿ ಮಾಲಕರ ದೂರು ಒಂದೇ: ಹುಡುಗರು ನಿಲ್ಲುವುದಿಲ್ಲ. ಆಯ್ಕೆಯ ಕ್ರಮವನ್ನು ನೋಡಿದರೆ ಆಶ್ಚರ್ಯವೆನಿಸದು. ಊರು ಯಾವುದು, ತಂದೆ ಏನು ಮಾಡುತ್ತಾರೆ, ಸಂಬಳ ಎಷ್ಟು ಬೇಕು — ಹತ್ತು ನಿಮಿಷದಲ್ಲಿ ಸಂದರ್ಶನ ಮುಗಿಯುತ್ತದೆ.

ಇದರ ಬದಲು ಕೆಲಸವನ್ನೇ ಪರೀಕ್ಷೆಯಾಗಿಸಬಹುದು. ಗೇರುಬೀಜ ಕಾರ್ಖಾನೆಯಾದರೆ ಕಳೆದ ತಿಂಗಳ ಬಾಯ್ಲರ್ ದಾಖಲೆ ಪುಸ್ತಕವನ್ನು ಅಭ್ಯರ್ಥಿಯ ಕೈಗಿತ್ತು, ಉರುವಲಿನ ಖರ್ಚು ಏರಿದ್ದೇಕೆಂದು ಕೇಳಬಹುದು. ಉತ್ತರ ಸರಿಯಿದೆಯೇ ಎನ್ನುವುದಕ್ಕಿಂತ ಆತ ಬಾಯ್ಲರಿನ ಬಳಿಗೆ ಹೋಗಿ ನೋಡಿದನೇ, ಕೆಲಸಗಾರರೊಡನೆ ಮಾತನಾಡಿದನೇ ಎಂಬುದು ಹೆಚ್ಚು ಮುಖ್ಯ. ಇಡೀ ದಿನ ತೆಗೆದುಕೊಂಡರೆ ಆ ದಿನದ ಸಂಬಳ ಕೊಡುವುದು ನ್ಯಾಯ.

ಬಿಟ್ಟುಹೋಗಲು ಸಂಬಳವೊಂದೇ ಕಾರಣವಲ್ಲ. ದೊಡ್ಡ ಕಂಪೆನಿಯಲ್ಲಿ ಹೊಸಬ ಬರೆದುದನ್ನು ಹಿರಿಯರೊಬ್ಬರು ಓದಿ ತಿದ್ದುತ್ತಾರೆ. ಬಡ್ತಿಗೆ ಏನು ಬೇಕೆಂಬುದು ಲಿಖಿತವಾಗಿರುತ್ತದೆ. ನಮ್ಮಲ್ಲಿಯೋ, ಬ್ಯಾಂಕಿಗೆ ಚೆಕ್ ಹಾಕಿ ಬರುವುದೂ ಇಂಜಿನಿಯರನ ಪಾಲಿಗೇ! ಆದರೆ ಅಲ್ಲಿ ಒಂದೇ ತಂತ್ರಾಂಶದ ಸಣ್ಣ ಭಾಗದಲ್ಲಿ ವರ್ಷಗಟ್ಟಲೆ ದುಡಿಯುವವರಿದ್ದಾರೆ. ಇಲ್ಲಿ ಕಚ್ಚಾವಸ್ತುವಿನಿಂದ ಗ್ರಾಹಕನವರೆಗೆ ಎಲ್ಲವನ್ನೂ ಕಲಿಯಬಹುದು. ಉದ್ಯೋಗ ಭದ್ರತೆಯ ಮಾತೂ ಮೊದಲಿನಂತಿಲ್ಲ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಹಾಗೂ ಗೂಗಲಿನ ಮಾತೃಸಂಸ್ಥೆ 12,000 ಹುದ್ದೆಗಳ ಕಡಿತವನ್ನು ಘೋಷಿಸಿದವು. ಸಂದರ್ಶನದಲ್ಲಿ ಇವನ್ನು ಹೇಳಿಕೊಳ್ಳಲು ನಮ್ಮವರಿಗೆ ಸಂಕೋಚವೇಕೋ ತಿಳಿಯದು.

ಊರಿನಲ್ಲಿಯೇ ತಂತ್ರಜ್ಞರನ್ನು ಬೆಳೆಸಲು ಸಾಧ್ಯವೆಂಬುದಕ್ಕೆ 1996ರಲ್ಲಿ ರೋಹಿತ್ ಭಟ್ ಅವರು ಉಡುಪಿಯಲ್ಲಿ ಆರಂಭಿಸಿದ ರೋಬೋಸಾಫ್ಟ್ ಸಾಕ್ಷಿ. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಸಂಸ್ಥೆ ಅದನ್ನು ಖರೀದಿಸಲು ಒಪ್ಪಿದ ಮೊತ್ತ ಸುಮಾರು 805 ಕೋಟಿ ರೂಪಾಯಿ.

ಒಮ್ಮೆಲೇ ಖಾಯಂ ಹುದ್ದೆ ಕೊಡಲು ಹಿಂಜರಿಯುವ ಉದ್ದಿಮೆಗಳಿಗೆ ಕೇಂದ್ರ ಸರಕಾರದ ಶಿಶಿಕ್ಷು ತರಬೇತಿ ಯೋಜನೆಯಿದೆ. 'ನ್ಯಾಟ್ಸ್' ಎಂದೇ ಪರಿಚಿತವಾಗಿರುವ ಇದರಡಿ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಒಂದು ವರ್ಷಕ್ಕೆ ತೆಗೆದುಕೊಳ್ಳಬಹುದು. ನಿಗದಿತ ಕನಿಷ್ಠ ಭತ್ಯೆಯ ಅರ್ಧವನ್ನು ಸರಕಾರ ಭರಿಸುತ್ತದೆ. ನೋಂದಣಿಯನ್ನು ಅಂತರ್ಜಾಲದಲ್ಲಿಯೇ ಮಾಡಬೇಕು. ಅಂತಿಮ ವರ್ಷದ ಪರೀಕ್ಷೆಗಳಿಗೆ ಮುನ್ನವೇ ಕಾಲೇಜಿನ ಉದ್ಯೋಗ ವಿಭಾಗವನ್ನು ಸಂಪರ್ಕಿಸುವುದು ಒಳ್ಳೆಯದು. ದೊಡ್ಡ ಕಂಪೆನಿಗಳು ಅದಕ್ಕೂ ಬಹಳ ಮೊದಲೇ ಅಲ್ಲಿಗೆ ಬಂದು ಹೋಗಿರುತ್ತವೆ.