ಪರನಾಡಿನ ಬೀದಿನಾಯಿ ಮತ್ತು ರೇಬೀಸ್ ಭೀತಿ

ಇಂಡೊನೇಷ್ಯಾ ದೇಶದ ಬಾಲಿ ದ್ವೀಪವು ದೇವಾಲಯಗಳಿಗೂ ಮೆಟ್ಟಿಲು ಗದ್ದೆಗಳಿಗೂ ಹೆಸರಾದಂತೆಯೇ ನಾಯಿಗಳಿಗೂ ಹೆಸರಾದುದು. ಅಲ್ಲಿಯ ನಾಯಿಗಳಲ್ಲಿ ಹೆಚ್ಚಿನವು ಯಾವುದೋ ಒಂದು ಮನೆಗೆ ಸೇರಿದವೇ ಆದರೂ ಹಗ್ಗ ಸರಪಳಿಗಳಿಲ್ಲದೆ ಓಣಿಗಳಲ್ಲಿಯೂ ಕಡಲ ತೀರದಲ್ಲಿಯೂ ತಿರುಗುತ್ತಿರುತ್ತವೆ. 2008ರವರೆಗೆ ಈ ದ್ವೀಪದಲ್ಲಿ ರೇಬೀಸ್ ಎಂಬ ಮಾತೇ ಇರಲಿಲ್ಲ. ಆ ವರ್ಷದ ಕೊನೆಯಲ್ಲಿ ದಕ್ಷಿಣ ತುದಿಯ ಬುಕಿತ್ ಪರ್ಯಾಯ ದ್ವೀಪದಲ್ಲಿ ತಲೆದೋರಿದ ರೋಗವು ಎರಡು ವರ್ಷಗಳೊಳಗೆ ದ್ವೀಪದ ತುಂಬ ಹಬ್ಬಿತು. ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕಿದ ಮೇಲೆ ಹತೋಟಿಗೆ ಬಂದಿತಾದರೂ ಇನ್ನೂ ನಿರ್ಮೂಲವಾಗಿಲ್ಲ.

ಕನ್ನಡ ನಾಡಿನಿಂದಲೂ ಈಗ ಅನೇಕರು ಬಾಲಿಗೆ ಪ್ರವಾಸ ಹೋಗುತ್ತಾರೆ. ಹಾಗೆ ಹೋದವನೊಬ್ಬನ ಕಾಲಿಗೆ ಸಂಜೆಯ ವೇಳೆ ನಾಯಿಯೊಂದು ಮೈಯುಜ್ಜಿಕೊಂಡು ಹೋಯಿತೆಂದು ಭಾವಿಸಬಹುದು. ಆ ಗಳಿಗೆಯಲ್ಲಿ ಅವನಿಗೆ ಏನೂ ಅನಿಸುವುದಿಲ್ಲ. ರಾತ್ರಿ ಮಲಗಿದಾಗ ಸಂದೇಹ ಮೂಡುತ್ತದೆ: ಹಲ್ಲು ತಾಗಿತೇ? ಜೊಲ್ಲು ಬಿದ್ದಿತೇ? ಮೊಣಕಾಲಿನ ಕೆಳಗಿರುವ ಈ ಗೀರು ನಿನ್ನೆಯದೋ ಇಂದಿನದೋ? ಭಾಷೆ ತಿಳಿಯದ ಊರು, ಆಸ್ಪತ್ರೆ ಎಲ್ಲಿದೆಯೋ ಗೊತ್ತಿಲ್ಲ. ಸಂದೇಹವು ಬೆಳೆಯಲು ಇಷ್ಟೇ ಸಾಕು.

ಈ ಭಯಕ್ಕೆ ಆಧಾರವಿಲ್ಲದಿಲ್ಲ. ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಸಾವು ಬಹುಮಟ್ಟಿಗೆ ನಿಶ್ಚಿತ. ಆದರೆ ರೋಗವು ಬರುವ ದಾರಿ ಮಾತ್ರ ಬಹಳ ಇಕ್ಕಟ್ಟಾದುದು. ರೋಗಾಣುವು ನಾಯಿಯ ಜೊಲ್ಲಿನಲ್ಲಿರುತ್ತದೆ. ಮುರಿದ ಚರ್ಮದ ಮೂಲಕ, ಇಲ್ಲವೆ ಕಣ್ಣು, ಮೂಗು, ಬಾಯಿಗಳ ತೆಳುಪೊರೆಯ ಮೂಲಕ ಮಾತ್ರ ಅದು ಒಳಹೋಗಬಲ್ಲುದು. ಅಲ್ಲಿಂದ ನರಗಳನ್ನು ಹಿಡಿದು ನಿಧಾನವಾಗಿ ಮಿದುಳನ್ನು ಮುಟ್ಟುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ವಾರದಲ್ಲಿಯೇ ಮುಗಿಯುವುದೂ, ವರ್ಷದವರೆಗೆ ಎಳೆಯುವುದೂ ಉಂಟು. ಕಚ್ಚಿದ ಮೇಲೆ ಕೊಡುವ ಲಸಿಕೆಯು ಫಲಿಸುವುದು ಈ ಬಿಡುವಿನಿಂದಲೇ. ಬಿಸಿಲಿಗೆ ಬಿದ್ದ, ಒಣಗಿಹೋದ ಜೊಲ್ಲಿನಲ್ಲಿ ರೋಗಾಣು ಹೆಚ್ಚು ಹೊತ್ತು ಉಳಿಯದು.

ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಸಂಪರ್ಕಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ನಾಯಿಯನ್ನು ಮುಟ್ಟುವುದು, ಅದಕ್ಕೆ ಉಣಿಸುವುದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕುವುದು ಮೊದಲನೆಯ ವರ್ಗ. ಇದಕ್ಕೆ ತೊಳೆದುಕೊಳ್ಳುವುದಲ್ಲದೆ ಬೇರೆ ಚಿಕಿತ್ಸೆ ಬೇಡ. ಮೈಯುಜ್ಜಿದ ನಾಯಿಯ ಪ್ರಸಂಗ ಈ ವರ್ಗಕ್ಕೇ ಸೇರುತ್ತದೆ. ರಕ್ತ ಬಾರದ ತರಚು, ಬರಿಯ ಚರ್ಮವನ್ನು ಮೆಲ್ಲನೆ ಕಚ್ಚಿದ್ದು ಎರಡನೆಯ ವರ್ಗ. ಇದಕ್ಕೆ ಲಸಿಕೆ ಬೇಕು. ಚರ್ಮವನ್ನು ಸೀಳಿದ ಕಡಿತ ಅಥವಾ ಪರಚು, ಗಾಯದ ಮೇಲೋ ಕಣ್ಣು ಬಾಯಿಗಳಲ್ಲೋ ಬಿದ್ದ ಜೊಲ್ಲು ಮೂರನೆಯ ವರ್ಗ. ಇದಕ್ಕೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬುಲಿನ್ ಚುಚ್ಚಬೇಕು.

ವಿಚಿತ್ರವೆಂದರೆ, ಮೊದಲನೆಯ ವರ್ಗದವರು ನಿದ್ದೆಗೆಡುತ್ತಾರೆ. ಎರಡನೆಯ ಮೂರನೆಯ ವರ್ಗದವರು ಕೆಲವೊಮ್ಮೆ ನಿಶ್ಚಿಂತರಾಗಿರುತ್ತಾರೆ. ನಾರ್ವೆ ದೇಶದ ಯುವತಿಯೊಬ್ಬಳು ಫಿಲಿಪೀನ್ಸಿನ ಬೀದಿಯಲ್ಲಿ ಸಿಕ್ಕ ನಾಯಿಮರಿಯೊಂದನ್ನು ಎತ್ತಿ ಆರೈಕೆ ಮಾಡಿದಳು. ಆಟದಲ್ಲಿ ಅದು ಮಾಡಿದ ಸಣ್ಣ ಗಾಯಗಳನ್ನು ಲೆಕ್ಕಿಸದೆ ಊರಿಗೆ ಮರಳಿದವಳು 2019ರ ಮೇ ತಿಂಗಳಲ್ಲಿ ರೇಬೀಸಿನಿಂದ ತೀರಿಕೊಂಡಳು. 2025ರ ಫೆಬ್ರವರಿಯಲ್ಲಿ ಮೊರಾಕೊದಲ್ಲಿ ನಾಯಿಮರಿಯ ಉಗುರು ತಾಗಿದ ಬ್ರಿಟಿಷ್ ಮಹಿಳೆಯೊಬ್ಬರು ಅದೇ ಜೂನ್ ತಿಂಗಳಲ್ಲಿ ಇದೇ ರೋಗಕ್ಕೆ ಬಲಿಯಾದರು. ಎರಡೂ ಕಡೆ ಹಲ್ಲು ಕಿರಿದು ಮೇಲೆ ಬಿದ್ದ ಹುಚ್ಚುನಾಯಿಯಿರಲಿಲ್ಲ, ಮುದ್ದಾದ ಮರಿಯಿದ್ದಿತು. ಆದುದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ನಾಯಿ ಹೇಗೆ ಕಾಣುತ್ತಿತ್ತೆಂಬುದಲ್ಲ, ಚರ್ಮ ಒಡೆಯಿತೇ ಎಂಬುದು.

ಸ್ವದೇಶದಲ್ಲಿ ಅನುಕೂಲಕ್ಕೆ ಬರುವ ಒಂದು ನಿಯಮ ಪ್ರವಾಸಿಗೆ ಬಹುಶಃ ದಕ್ಕದು. ಕಚ್ಚಿದ ನಾಯಿಯು ಹತ್ತು ದಿನ ಆರೋಗ್ಯವಾಗಿ ಉಳಿದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದೇ ಅರ್ಥ. ನೆರೆಮನೆಯ ನಾಯಿಯಾದರೆ ದಿನವೂ ನೋಡಬಹುದು. ಕಡಲ ತೀರದ ನಾಯಿಯನ್ನು ಮರುದಿನ ಗುರುತಿಸುವುದೇ ಕಷ್ಟ. ಮೂರನೆಯ ದಿನ ಪ್ರವಾಸಿಯೇ ವಿಮಾನದಲ್ಲಿರುತ್ತಾನೆ. ನಾಯಿ ಕಣ್ಮರೆಯಾಯಿತೆಂದರೆ ಅದಕ್ಕೆ ರೋಗವಿದ್ದಿತೆಂದೇ ತಿಳಿದು ಚಿಕಿತ್ಸೆ ಪಡೆಯುವುದು ವಿವೇಕ.

ಮೊದಲ ಚಿಕಿತ್ಸೆ ಸಾಬೂನು ಮತ್ತು ನೀರು. ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯವನ್ನು ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಮೆತ್ತುವುದು ಅನರ್ಥಕಾರಿ. ಅನಂತರ ಇರುವ ಊರಿನಲ್ಲಿಯೇ ಮೊದಲ ಲಸಿಕೆ ಹಾಕಿಸಿಕೊಳ್ಳಬೇಕು. ಮನೆಗೆ ಹೋದ ಮೇಲೆ ನೋಡೋಣವೆನ್ನುವುದು ತಪ್ಪು. ಇಮ್ಯುನೊಗ್ಲಾಬುಲಿನ್ ಅನೇಕ ದೇಶಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆಗಲೂ ಲಸಿಕೆಯನ್ನು ತಡೆಯದೆ ಆರಂಭಿಸಬೇಕು, ಏಕೆಂದರೆ ಮೊದಲ ಲಸಿಕೆಯಾದ ಏಳು ದಿನಗಳೊಳಗೆ ಅದು ದೊರೆತರೂ ಕೊಡಬಹುದು. ಉಳಿದ ಲಸಿಕೆಗಳನ್ನು ಸ್ವದೇಶದಲ್ಲಿ ಮುಂದುವರಿಸಲು ಅಡ್ಡಿಯಿಲ್ಲ. ಲಸಿಕೆಯ ಹೆಸರು, ದಿನಾಂಕ, ಚುಚ್ಚಿದ ವಿಧಾನ ಬರೆದ ಚೀಟಿ ಜೊತೆಯಲ್ಲಿರಬೇಕು. ವಾರಗಳ ಹಿಂದಿನ ಗಾಯವನ್ನು ಈಗ ನೆನೆದು ಗಾಬರಿಯಾದವನಿಗೂ ಲಕ್ಷಣಗಳು ತೋರದಿರುವವರೆಗೆ ಬಾಗಿಲು ಮುಚ್ಚಿಲ್ಲ.

ಹಳೆಯ ತಲೆಮಾರಿನವರನ್ನು ಆಸ್ಪತ್ರೆಯಿಂದ ದೂರವಿಟ್ಟದ್ದು ಹೊಟ್ಟೆಗೆ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳ ನೆನಪು. ಡೇವಿಡ್ ಸೆಂಪಲ್ ಕಸೌಲಿಯಲ್ಲಿ ಸಿದ್ಧಪಡಿಸಿದ, ಪ್ರಾಣಿಯ ನರಕೋಶದಿಂದ ತೆಗೆದ ಆ ಲಸಿಕೆಯನ್ನು ಭಾರತವು 2004ರ ಕೊನೆಗೆ ಕೈಬಿಟ್ಟಿತು. ಈಗಿನವು ಜೀವಕೋಶಗಳ ಕೃಷಿಯಿಂದ ಬಂದವು. ತೋಳಿಗೆ ನಾಲ್ಕೈದು ಸಲ, ಅಥವಾ ಚರ್ಮದ ಪದರದೊಳಗೆ ಇನ್ನೂ ಅಲ್ಪ ಪ್ರಮಾಣದಲ್ಲಿ ಕೊಡುತ್ತಾರೆ. ನಾಯಿ ಕಚ್ಚಿದವನ ಹೊಟ್ಟೆಯಲ್ಲಿ ಮರಿಗಳು ಬೆಳೆಯುತ್ತವೆಂಬ ಮಾತು ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ಬರಿಯ ಕಲ್ಪನೆ.

ಪರನಾಡಿನಲ್ಲಿ ತಿಂಗಳುಗಟ್ಟಲೆ ಇರುವವರು, ಮುಖ್ಯವಾಗಿ ಮಕ್ಕಳನ್ನು ಕರೆದೊಯ್ಯುವವರು, ಹೊರಡುವ ಮುನ್ನವೇ ಲಸಿಕೆ ಪಡೆಯಬಹುದು. ಹಾಗೆ ಪಡೆದವರಿಗೆ ಮುಂದೆ ನಾಯಿ ಕಚ್ಚಿದರೂ ಇಮ್ಯುನೊಗ್ಲಾಬುಲಿನ್ ಬೇಕಾಗುವುದಿಲ್ಲ. ಆ ದಿನ ಒಂದು, ಮೂರು ದಿನಗಳ ತರುವಾಯ ಇನ್ನೊಂದು, ಎರಡೇ ಚುಚ್ಚುಮದ್ದುಗಳು ಸಾಕಾಗುತ್ತವೆ.